ಅಂಟಿಸಿದ ಸೀರೆ

ಕಾಂತಿಯ ಬಗ್ಗೆ ಬರೆಯುವುದಾದರೆ ಅವಳ ಕತ್ತರಿಯಿಂದಲೇ ಶುರು ಮಾಡಬೇಕು, ಯಾಕೆಂದರೆ ಅದು ನನ್ನ ಕತ್ತರಿ. ಗುರುವಾಯನಕೆರೆಯಲ್ಲಿ ಬಸ್ಸು ನಿಲ್ಲುವಲ್ಲಿನ ಬೇಕರಿಯ ಮೇಲಿನ ಮಾಳಿಗೆಯಲ್ಲಿ ನನ್ನ ಟೈಲರ್ ಅಂಗಡಿ. ಪಕ್ಕದ ಕೋಣೆ ಅವಳದು, ನಡುವೆ ಒಂದು ಪ್ಲೈವುಡ್ ಗೋಡೆ. ಅವಳು ಸೀನಿದರೆ ನನಗೆ ಕೇಳುತ್ತದೆ, ನಾನು ಗಿರಾಕಿಗಳಿಗೆ ಬೈದರೆ ಅವಳಿಗೆ ಕೇಳುತ್ತದೆ. ಬಂದ ಹೊಸತರಲ್ಲಿ ಅವಳು ಐದು ನಿಮಿಷಕ್ಕೆಂದು ನನ್ನ ದೊಡ್ಡ ಕತ್ತರಿ ಕೇಳಿ ತೆಗೆದುಕೊಂಡು ಹೋದಳು. ಆ ಐದು ನಿಮಿಷ ಇನ್ನೂ ಮುಗಿದಿರಲಿಲ್ಲ. ನಾನು ಎರಡು ದಿನ ಮುಖ ಊದಿಸಿಕೊಂಡು, ಮೂರನೆಯ ದಿನ ಬೇರೆ ಕತ್ತರಿ ಕೊಂಡೆ.

ನನ್ನ ಹೆಸರು ಸೈನಬ. ನನ್ನ ಬಗ್ಗೆ ಹೆಚ್ಚು ಬೇಡ. ಕೋಪ ಮೂಗಿನ ತುದಿಯಲ್ಲಿದೆ ಎಂದು ಮಗಳು ಹನಾ ಹೇಳುತ್ತಾಳೆ, ಅಷ್ಟು ಗೊತ್ತಿದ್ದರೆ ಸಾಕು.

ಕಾಂತಿ ಮಾಡುತ್ತಿದ್ದದ್ದು ಗೋಡೆಗೆ ತೂಗುಹಾಕುವ ಫ್ರೇಮುಗಳು. ಅವಳ ತವರು ಮೂಡುಬಿದಿರೆಯ ಕಡೆ, ಗದ್ದೆ ತೋಟ ಇದ್ದ ಮನೆ. ಗಂಡ ಶಂಭು ದುಬೈಯ ಹೋಟೆಲೊಂದರಲ್ಲಿ ಮ್ಯಾನೇಜರ್. ಅವರು ಇಲ್ಲಿ ಮನೆ ಕಟ್ಟಿದಾಗ ಹಾಲಿನ ಬಿಳಿ ಗೋಡೆ ನೋಡಿ ನೋಡಿ ಅವಳಿಗೆ ಬೇಸರ ಬಂತಂತೆ. ಅಜ್ಜಿಯ ಹರಿದ ಸೀರೆಯೊಂದರ ಸೆರಗನ್ನು ಕತ್ತರಿಸಿ, ಹಾರ್ಡ್‌ಬೋರ್ಡಿಗೆ ಅಂಟಿಸಿ, ಗಾಜು ಹಾಕಿಸಿ ತೂಗುಹಾಕಿದಳು. ಬಂದವರೆಲ್ಲ ಕೇಳಿದರು, ನಮಗೂ ಒಂದು ಮಾಡಿಕೊಡು ಎಂದು. ಅಲ್ಲಿಗೆ ಅದು ಕಸುಬಾಯಿತು.

ಪಾಣೆಮಂಗಳೂರಿನಲ್ಲಿ ಫೋಟೋ ಕಟ್ಟು ಹಾಕುವ ಅಬ್ದುಲ್ ಶುಕೂರ್ ಕಾಕ ತಮ್ಮಲ್ಲಿ ಉಳಿದ ಮರದ ಪಟ್ಟಿಯ ತುಂಡುಗಳನ್ನು ಅವಳಿಗೆಂದೇ ಎತ್ತಿಡುತ್ತಿದ್ದರು. ಗಾಜೂ ಅಷ್ಟೇ, ದೊಡ್ಡದರಲ್ಲಿ ಉಳಿದ ಚೂರು. ಬಟ್ಟೆ ಹೇಗೂ ಹಳೆಯದು. ಹಾಗಾಗಿ ಅವಳ ಫ್ರೇಮು ಅಗ್ಗ. ರಿಕ್ಷಾದವನ ಮನೆಯಲ್ಲೂ ಉಂಟು, ಬೀಡಿ ಕಟ್ಟುವವರ ಮನೆಯಲ್ಲೂ ಉಂಟು. ಗೃಹಪ್ರವೇಶಕ್ಕೆ ಗೋಡೆ ಗಡಿಯಾರ ಕೊಡುತ್ತಿದ್ದವರು ಈಗ ಕಾಂತಿಯ ಫ್ರೇಮು ಕೊಡಲು ಶುರು ಮಾಡಿದ್ದರು.

ಅವಳ ಕೆಲಸದಲ್ಲಿ ನನಗೆ ಒಪ್ಪಿಗೆಯಾಗದ ವಿಷಯ ಒಂದೇ. ಬಟ್ಟೆಯನ್ನು ಅವಳು ಅಂಟಿನಿಂದ ಬೋರ್ಡಿಗೆ ಕಚ್ಚಿಸಿಬಿಡುತ್ತಿದ್ದಳು. ನಾಲ್ಕು ಬದಿಗೆ ಹೊಲಿಗೆ ಹಾಕಿ ಕೂರಿಸು, ನಾಳೆ ಬೇಕೆಂದರೆ ಬಿಚ್ಚಬಹುದು ಎಂದು ನಾನು ಎಷ್ಟೋ ಸಲ ಹೇಳಿದ್ದೆ. ಬಿಚ್ಚುವವರು ಯಾರು ಮಾರಾಯ್ತಿ ಎಂದು ಅವಳು ನಗುತ್ತಿದ್ದಳು. ಅಂಟಿಸಿದರೆ ಸುಕ್ಕು ಬರುವುದಿಲ್ಲ, ಬೇಗ ಮುಗಿಯುತ್ತದೆ.

ಮೆಚ್ಚಬೇಕಾದದ್ದೂ ಒಂದಿತ್ತು. ಯಾರೇ ಸೀರೆ ತಂದರೂ ಅವಳು ಮೊದಲು ಕೇಳುತ್ತಿದ್ದದ್ದು, ಇದನ್ನು ಉಟ್ಟವರು ಯಾರು, ಅವರಿಗೆ ಗೊತ್ತುಂಟಾ ಎಂದು. ತೀರಿಹೋದವರ ಸೀರೆಯಾದರೆ ಅದೇ ಮನೆಯವರಿಗೆ ಮಾತ್ರ ಫ್ರೇಮು ಮಾಡಿಕೊಡುತ್ತಿದ್ದಳು, ಬೇರೆಯವರಿಗೆ ಮಾರುತ್ತಿರಲಿಲ್ಲ. ಕೇಳದೆ ಕತ್ತರಿ ಹಾಕಿದ್ದು ಒಂದೇ ಸೀರೆಗೆ.

ಆ ಸೀರೆ ಬಂದದ್ದು ಬೆಟ್ಟದ ಬುಡದ ಹಳ್ಳಿಯ ಸೇಸಮ್ಮನ ಮನೆಯಿಂದ. ಸೇಸಮ್ಮ, ಅವರ ಗಂಡ ಚನಿಯಪ್ಪ, ಮಗ ಜಿತೇಶ್, ಸೊಸೆ ವಿಸ್ಮಿತಾ, ಇಷ್ಟು ಜನರ ಸಂಸಾರ. ರಬ್ಬರು, ಸ್ವಲ್ಪ ಗದ್ದೆ. ವಿಸ್ಮಿತಾ ಮನೆ ಚೊಕ್ಕ ಮಾಡುವಾಗ ಕಪಾಟಿನ ಅಡಿಯಲ್ಲಿದ್ದ ಹಳೆಯ ಸೀರೆಗಳನ್ನೆಲ್ಲ ಒಂದು ಗಂಟು ಕಟ್ಟಿ ತಂದು ಕಾಂತಿಗೆ ಕೊಟ್ಟು, ಬಸ್ಸಿಗೆ ಹೊತ್ತಾಯಿತೆಂದು ಓಡಿದಳು. ಕೇಳಲು ಸಮಯವಿರಲಿಲ್ಲ. ಅಲ್ಲಿಯವರೆಗೆ ಯಾರ ತಪ್ಪೂ ಇಲ್ಲ.

ಅದೇ ವಾರ ಮೂಡುಬಿದಿರೆಯ ವಿಜೇತಾ ಎಂಬವರು ಹೊಸ ಮನೆಯ ಸೋಫಾದ ಹಿಂದಿನ ಗೋಡೆಗೆ ಮೂರು ಫ್ರೇಮುಗಳ ಸೆಟ್ಟು ಬೇಕೆಂದು ವಾಟ್ಸಾಪಿನಲ್ಲಿ ಫೋಟೋ ಕಳಿಸಿದ್ದರು. ನವಿಲಿನ ಕತ್ತಿನ ಬಣ್ಣವೇ ಆಗಬೇಕು, ಬಂಗಾರದ ಅಂಚು ಇರಬೇಕು. ಕಾಂತಿ ತನ್ನಲ್ಲಿದ್ದದ್ದನ್ನೆಲ್ಲ ಕೆದಕಿ ನೋಡಿ ಸೋತಿದ್ದಳು. ವಿಸ್ಮಿತಾಳ ಗಂಟು ಬಿಚ್ಚಿದಾಗ ಎಲ್ಲಕ್ಕಿಂತ ಅಡಿಯಲ್ಲಿ ಆ ಬಣ್ಣವೇ ಇತ್ತು. ಮಡಿಕೆ ಮುರಿಯದ ರೇಷ್ಮೆ ಸೀರೆ.

ಮುಂದಿನದು ನಾನು ನೋಡಿದ್ದಲ್ಲ, ಆಮೇಲೆ ಅವಳೇ ಹೇಳಿದ್ದು. ಸೀರೆ ಬಿಡಿಸಿದಾಗ ಒಳಗಿನಿಂದ ಒಣಗಿದ ವೀಳ್ಯದೆಲೆ, ಒಂದು ಅಡಿಕೆ, ಅರಸಿನ ಹಚ್ಚಿದ ನಾಲ್ಕು ಕಾಳು ಅಕ್ಕಿ ಕೆಳಗೆ ಬಿತ್ತು. ಗದ್ದೆ ತೋಟದ ಆ ತವರುಮನೆಯಲ್ಲಿ ಹುಟ್ಟಿದವಳಿಗೆ ಅದೇನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎಲೆ ಅಡಿಕೆ ಇಟ್ಟ ಹೊಸ ಸೀರೆ ಎಂದರೆ ಅದು ಬದುಕಿರುವವರದ್ದಲ್ಲ, ಗತಿಸಿದ ಹಿರಿಯರಿಗೆ ಎಡೆ ಬಡಿಸುವಾಗ ಆ ಮನೆಯ ತೀರಿಹೋದ ಹೆಂಗಸಿಗೆಂದು ಇಟ್ಟದ್ದು. ಕಾಂತಿ ಅಕ್ಕಿಯನ್ನು ಒಂದೊಂದೇ ಕಾಳು ಆರಿಸಿ ಕೈಗೆ ತೆಗೆದುಕೊಂಡಳು. ಆಮೇಲೆ ಅದನ್ನು ಕಿಟಕಿಯ ಹೊರಗೆ ಹಾಕಿ ನನ್ನ ಕತ್ತರಿ ತೆಗೆದಳು.

ಸೆರಗು ಮತ್ತು ಅಂಚು ವಿಜೇತಾ ಅವರ ಮೂರು ಫ್ರೇಮಿಗೆ ಹೋಯಿತು. ಒಡಲನ್ನು ಚೌಕ ಚೌಕ ಮಾಡಿ ಚಿಕ್ಕ ಫ್ರೇಮುಗಳ ಹಿನ್ನೆಲೆಗೆ ಬಳಸಿದಳು. ಅವು ಯಾರ್‍ಯಾರದೋ ಗೃಹಪ್ರವೇಶಕ್ಕೆ ಉಡುಗೊರೆಯಾಗಿ ಹೋದವು.

ಮಳೆಗಾಲದ ಆಟಿ ತಿಂಗಳು ಹತ್ತಿರ ಬಂದಾಗ ಸೇಸಮ್ಮ ನನ್ನ ಅಂಗಡಿಯ ಮೆಟ್ಟಿಲು ಹತ್ತಿ ಬಂದರು. ಏದುಸಿರು ಬಿಡುತ್ತಾ ಸ್ಟೂಲಿನ ಮೇಲೆ ಕುಳಿತು, ಒಂದು ರವಿಕೆ ಹೊಲಿಯಬೇಕು ಎಂದರು. ಅಳತೆಯ ರವಿಕೆ ತಂದಿದ್ದೀರಾ ಎಂದು ಕೇಳಿದೆ.

"ಅಳತೆ ಎಲ್ಲಿಂದ ತರುವುದು ಸೈನಬಾ? ನನ್ನ ಮಗಳಿಗೆ. ಹೆಸರಿಡುವ ಮೊದಲೇ ಹೋದಳಲ್ಲ, ಅವಳಿಗೆ. ನಿನ್ನ ಹನಾ ಮತ್ತು ಅವಳು ಒಂದೇ ತಿಂಗಳಲ್ಲಿ ಹುಟ್ಟಿದ್ದು. ಹನಾನ ಅಳತೆಗೇ ಹೊಲಿ."

ತುಳುವರ ಮನೆಗಳಲ್ಲಿ ಸತ್ತ ಮಕ್ಕಳು ಅಲ್ಲಿಗೇ ನಿಲ್ಲುವುದಿಲ್ಲ, ಇನ್ನೊಂದು ಕಡೆ ಬೆಳೆಯುತ್ತಾರೆ. ಪ್ರಾಯಕ್ಕೆ ಬಂದಾಗ ಅವರಿಗೂ ಮದುವೆಯಾಗಬೇಕು. ಹಾಗೆಯೇ ತೀರಿಹೋದ ಗಂಡುಮಗುವಿರುವ ಮನೆ ಹುಡುಕಿ, ಹೆಣ್ಣು ನೋಡುವ ಶಾಸ್ತ್ರ ಮಾಡಿ, ನಿಶ್ಚಯಿಸಿ, ಆಟಿಯಲ್ಲಿ ಮದುವೆ ಮಾಡಿಸುತ್ತಾರೆ. ಕುಲೆ ಮದುವೆ ಎನ್ನುತ್ತಾರೆ, ಕುಲೆ ಎಂದರೆ ತೀರಿಹೋದವರು. ಬ್ಯಾರಿ ಮುಸ್ಲಿಮರಾದ ನಮ್ಮಲ್ಲಿ ಇದಿಲ್ಲ. ಆದರೆ ಹುಟ್ಟಿನಿಂದ ನೋಡಿ ಬೆಳೆದವಳಿಗೆ ಇದರಲ್ಲಿ ನಗುವಂಥದ್ದು ಏನೂ ಕಾಣುವುದಿಲ್ಲ. ಮಗಳು ಈಗ ಇಷ್ಟೆತ್ತರ ಇರುತ್ತಿದ್ದಳು ಎಂದು ತಾಯಿ ಮನಸ್ಸಿನಲ್ಲೇ ಅಳೆಯುತ್ತಾ ಇರುವುದು ಯಾವ ಜಾತಿಯಲ್ಲಿ ಇಲ್ಲ?

ಬೆಳ್ತಂಗಡಿಯ ಆಚೆಯಿಂದ ಗಂಡು ಸಿಕ್ಕಿದ್ದನಂತೆ. ಧಾರೆ ಸೀರೆ ಗಂಡಿನ ಕಡೆಯವರು ತರುತ್ತಾರೆ, ಆದರೆ ತಾಯಿಯ ಮನೆಯಲ್ಲಿ ಮೊದಲು ಉಟ್ಟುಕೊಳ್ಳುವ ಸೀರೆ ತಾಯಿಯೇ ಕೊಡಬೇಕು. ಅದು ಎಷ್ಟೋ ವರ್ಷದಿಂದ ಕಪಾಟಿನಲ್ಲಿದೆ, ಪ್ರತಿ ಆಟಿಯಲ್ಲೂ ಎಲೆ ಅಡಿಕೆ ಇಟ್ಟು ಇದು ಮಗಳಿಗೆ ಎಂದು ಹೇಳಿ ಬಡಿಸಿದ್ದು, ಬಣ್ಣಕ್ಕೆ ಹೊಂದುವ ರವಿಕೆ ಬಟ್ಟೆ ನೀನೇ ಆರಿಸು ಎಂದರು ಸೇಸಮ್ಮ. ಬಣ್ಣ ಯಾವುದೆಂದು ಕೇಳಿದೆ.

"ನವಿಲಿನ ಬಣ್ಣ," ಎಂದರು.

ಪ್ಲೈವುಡ್ಡಿನ ಆಚೆ ಮೊಳೆ ಹೊಡೆಯುತ್ತಿದ್ದ ಸದ್ದು ನಿಂತಿತು. ಆಗ ನನಗೆ ಅದರ ಅರ್ಥ ತಿಳಿಯಲಿಲ್ಲ. ಕಾಂತಿಗೆ ಚಹಾ ಕುಡಿಯುವ ಹೊತ್ತಾಯಿತೆಂದು ಎಣಿಸಿದೆ.

ಅಂದು ಸಂಜೆಯಿಂದ ಅವಳು ಸರಿಯಿರಲಿಲ್ಲ. ಫ್ರೇಮಿನ ಮೂಲೆ ಕೂಡಿಸುವಾಗ ಸೊಟ್ಟಗಾಗುತ್ತಿತ್ತು, ಮಾತಾಡಿಸಿದರೆ ಹೂಂ ಎನ್ನುತ್ತಿದ್ದಳು. ಗಂಡನ ಫೋನು ಬಂದಿಲ್ಲವೇನೋ ಎಂದು ತಮಾಷೆ ಮಾಡಿದರೆ ನಗಲೂ ಇಲ್ಲ. ಬಳಿಕ ಒಂದು ದಿನ ವಿಸ್ಮಿತಾ ಬಂದಳು. ಅವಳ ಧ್ವನಿ ಗೋಡೆಯ ಈಚೆಗೂ ಚೆನ್ನಾಗಿ ಕೇಳಿತು.

"ಕಾಂತಿಯಕ್ಕ, ನಾನು ಕೊಟ್ಟ ಗಂಟಿನಲ್ಲಿ ನವಿಲು ಬಣ್ಣದ ಒಂದು ಸೀರೆ ಇತ್ತಾ?"

"ಇಲ್ಲ ವಿಸ್ಮಿತಾ. ನಾನು ನೋಡ್ಲಿಲ್ಲ."

ವಿಸ್ಮಿತಾ ಮೆಟ್ಟಿಲಿಳಿದು ಹೋದಳು.

ರವಿಕೆಯ ಕೆಲಸ ಎಲ್ಲಿಗೆ ಬಂತೆಂದು ನೋಡಲು ಬಂದ ಸೇಸಮ್ಮನಿಂದ ಉಳಿದದ್ದು ಗೊತ್ತಾಯಿತು. ಕಪಾಟಿನಲ್ಲಿ ಆ ಸೀರೆ ಇರಲಿಲ್ಲ. ವಿಸ್ಮಿತಾಳ ತಂಗಿ ತೃಷಾಳ ಮದುವೆ ಈಚೆಗೆ ಫರಂಗಿಪೇಟೆಯಲ್ಲಿ ನಡೆದಿತ್ತು. ಸೀರೆ ಆ ದಾರಿ ಹಿಡಿದಿರಬೇಕೆಂದು ಚನಿಯಪ್ಪನ ಗುಮಾನಿ. ಸೊಸೆಯನ್ನು ಎದುರಿಗೆ ನಿಲ್ಲಿಸಿ ಅಂದದ್ದಲ್ಲ, ಊಟಕ್ಕೆ ಕುಳಿತಾಗ ಗೋಡೆಗೆ ಹೇಳಿದ ಹಾಗೆ ಹೇಳಿದ್ದು. ಜಿತೇಶ್ ಹೆಂಡತಿಯ ಪರ ಒಂದು ಮಾತೂ ಆಡಲಿಲ್ಲ. ವಿಸ್ಮಿತಾ ಈಗ ಎಲ್ಲರ ಊಟ ಮುಗಿದ ಮೇಲೆ ಒಬ್ಬಳೇ ಕುಳಿತು ಉಣ್ಣುತ್ತಾಳೆ. ಸೇಸಮ್ಮನಿಗೆ ಸೊಸೆಯ ಮೇಲೆ ಸಂಶಯಪಡಲು ಮನಸ್ಸಿಲ್ಲ, ನಂಬಲು ದಾರಿಯಿಲ್ಲ. ಅಂಗಡಿಯಿಂದ ಇನ್ನೊಂದು ಸೀರೆ ತರುವಾ ಎಂದು ನಾನು ಹೇಳಿದ್ದಕ್ಕೆ ಅವರು ಬೇಡವೆಂದು ತಲೆಯಾಡಿಸಿದರು. ನಿನ್ನದು ಎಂದು ಇಷ್ಟು ವರ್ಷ ತೋರಿಸಿ ಈಗ ಬೇರೆ ಕೊಟ್ಟರೆ ಅವಳು ಏನೆಂದುಕೊಂಡಾಳು ಎಂದರು.

ಮರುದಿನ ನನ್ನ ಹೊಸ ಕತ್ತರಿಯನ್ನು ಸಾಣೆಗೆ ಕೊಟ್ಟಿದ್ದೆ. ರವಿಕೆ ಬಟ್ಟೆ ಕತ್ತರಿಸಬೇಕಿತ್ತು. ಕಾಂತಿ ಊಟಕ್ಕೆ ಹೋಗಿದ್ದಾಗ ಅವಳ ಕೋಣೆಗೆ ಹೋಗಿ ನನ್ನ ಹಳೆಯ ಕತ್ತರಿಯನ್ನು ತಂದೆ. ಬಟ್ಟೆಗೆ ಇಟ್ಟಾಗ ಅದು ಕಚ್ಚಿ ನಿಂತಿತು. ತಿರುಪಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡಿತ್ತು. ಸೂಜಿಯಿಂದ ಎಳೆದರೆ ರೇಷ್ಮೆಯ ಎಳೆಗಳ ಒಂದು ಸಣ್ಣ ಉಂಡೆ ಬಂತು, ನವಿಲಿನ ಬಣ್ಣದ್ದು, ನಡುವೆ ಜರಿ.

ಕಾಂತಿ ಬರುವವರೆಗೆ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಬಂದವಳ ಎದುರು ಆ ಉಂಡೆಯನ್ನು ಇಟ್ಟೆ. ಬೈಯಲು ಎಷ್ಟೋ ಮಾತು ಕೂಡಿಟ್ಟಿದ್ದೆ. ಅವಳು ಅದನ್ನು ಬೆರಳಲ್ಲಿ ಎತ್ತಿಕೊಂಡಳು.

"ನನಗೆ ಗೊತ್ತಿತ್ತು ಸೈನಬಾ. ಎಲೆ ಅಡಿಕೆ ನೋಡುವಾಗಲೇ ಗೊತ್ತಿತ್ತು. ಒಂದು ಫೋನು ಮಾಡಿದ್ದರೆ ಆಗ್ತಿತ್ತು. ಫೋನು ಮಾಡಿದರೆ ಬೇಡ ಅಂತಾರೆ, ಅದಕ್ಕೇ ಮಾಡ್ಲಿಲ್ಲ."

ಆ ಹುಡುಗಿ ಬಂದು ಕೇಳಿದಾಗ ಬಾಯಲ್ಲಿ ಹೌದು ಎಂದೇ ಇತ್ತಂತೆ, ಹೊರಗೆ ಬಂದದ್ದು ಇಲ್ಲ ಎಂದು. ಅದು ಒಮ್ಮೆ ಹೊರಗೆ ಬಿದ್ದ ಮೇಲೆ ಹಿಂದೆ ಎಳೆದುಕೊಳ್ಳುವುದು ಹೇಗೆಂದು ತಿಳಿಯಲಿಲ್ಲ. ನಿತ್ಯ ಬೆಳಿಗ್ಗೆ ಇವತ್ತು ಹೋಗಿ ಹೇಳುತ್ತೇನೆ ಎಂದು ಹೊರಡುವುದು, ಬಸ್ಸು ಬಂದಾಗ ಹತ್ತದೆ ಮಾಳಿಗೆಗೆ ಬರುವುದು. ಅನ್ನ ಗಂಟಲಲ್ಲಿ ಇಳಿಯುತ್ತಿಲ್ಲ ಎಂದಳು. ನನಗೆ ಕನಿಕರ ಬರಲಿಲ್ಲ. ನಿನಗೆ ಗಂಟಲಲ್ಲಿ ಇಳಿಯದಿದ್ದರೆ ಅಲ್ಲಿ ಆ ಹುಡುಗಿ ಒಬ್ಬಳೇ ಕುಳಿತು ಉಣ್ಣುತ್ತಿದ್ದಾಳೆ ಎಂದೆ. ಕೂಡಿಟ್ಟ ಮಾತುಗಳಲ್ಲಿ ಅಷ್ಟೇ ಹೇಳಲಾಯಿತು.

ಇಬ್ಬರೂ ಮೂಡುಬಿದಿರೆಗೆ ಹೋದೆವು. ವಿಜೇತಾ ಅವರ ಮನೆ ಚಂದ ಇತ್ತು, ಫ್ರೇಮುಗಳು ಆ ಗೋಡೆಗೆಂದೇ ಹುಟ್ಟಿದ ಹಾಗೆ ಕೂತಿದ್ದವು. ಕಾಂತಿ ಬೇರೆ ಮೂರು ಮಾಡಿಕೊಡುತ್ತೇನೆ, ಇವನ್ನು ಹಿಂದೆ ಕೊಡಿ ಎಂದು ಕೇಳಿದಳು. ಅವರು ಒಪ್ಪಲಿಲ್ಲ. ಆಗ ಇದು ಕುಲೆಗೆ ಇಟ್ಟ ಸೀರೆ ಎಂದು ಹೇಳಲೇಬೇಕಾಯಿತು. ಆ ಹೆಂಗಸು ಸೋಫಾದಿಂದ ಎದ್ದ ರಭಸಕ್ಕೆ ಚಹಾದ ಕಪ್ಪು ಉರುಳಿತು. ತಾವು ಮುಟ್ಟದೆ, ನೀವೇ ಇಳಿಸಿಕೊಂಡು ಹೋಗಿ ಎಂದರು. ಗೇಟು ದಾಟುವಾಗ ಒಳಗೆ ಫೋನಿನಲ್ಲಿ ಯಾರಿಗೋ ಕಾಂತಿಯ ಹೆಸರು ಹೇಳುವುದು ಕೇಳಿಸಿತು. ಬೇರೆ ಗಿರಾಕಿಗಳೂ ಆಮೇಲೆ ಕಡಿಮೆಯಾದರು. ಅದನ್ನು ಅವಳು ಒಮ್ಮೆಯೂ ದೂರಿಲ್ಲ.

ಅಂಗಡಿಗೆ ತಂದು ಸೆರಗಿನ ಫ್ರೇಮನ್ನು ಬಿಚ್ಚಿದೆವು. ನಾನು ಇಸ್ತ್ರಿಪೆಟ್ಟಿಯ ಹಬೆ ಹಿಡಿದೆ, ಅವಳು ಉಗುರಿನಿಂದ ಮೂಲೆ ಎಬ್ಬಿಸಲು ನೋಡಿದಳು. ಬಟ್ಟೆ ಬರಲಿಲ್ಲ, ಎಳೆ ಎಳೆಯಾಗಿ ಕಿತ್ತು ಬಂತು. ಅವಳ ಅಂಟು ಅಷ್ಟು ಚೆನ್ನಾಗಿತ್ತು. ಹೊಲಿಗೆ ಹಾಕು ಎಂದು ನಾನು ಹೇಳಿದ್ದು ಇಬ್ಬರಿಗೂ ನೆನಪಿತ್ತು, ಇಬ್ಬರೂ ಎತ್ತಲಿಲ್ಲ. ಇನ್ನು ಹಾಳು ಮಾಡುವುದು ಬೇಡವೆಂದು ಮತ್ತೆ ಗಾಜು ಹಾಕಿ ಕಟ್ಟಿದೆವು.

ಸೇಸಮ್ಮನ ಮನೆಗೆ ಹೋಗುವಾಗ ಕಾಂತಿ ಹೊಸ ಸೀರೆಯೊಂದನ್ನೂ ಕೊಂಡಿದ್ದಳು, ಅದೇ ಬಣ್ಣದ್ದು. ಜಗಲಿಯಲ್ಲಿ ಸೇಸಮ್ಮ, ಚನಿಯಪ್ಪ ಇಬ್ಬರೂ ಇದ್ದರು. ಅಡುಗೆಮನೆಯ ಬಾಗಿಲಿಗೆ ವಿಸ್ಮಿತಾ ಬಂದು ನಿಂತಳು. ಕಾಂತಿ ಕುಳಿತುಕೊಳ್ಳದೆ ಎಲ್ಲವನ್ನೂ ಹೇಳಿದಳು. ಎಲೆ ಅಡಿಕೆ ನೋಡಿದ್ದನ್ನೂ ಬಿಡಲಿಲ್ಲ, ಇಲ್ಲ ಎಂದದ್ದನ್ನೂ ಬಿಡಲಿಲ್ಲ. ಅವಳು ಎಲ್ಲಾದರೂ ಒಂದು ಕಡೆ ಜಾರಿಕೊಳ್ಳುತ್ತಾಳೇನೋ ಎಂದು ನಾನು ಕಾಯುತ್ತಿದ್ದೆ. ಜಾರಿಕೊಳ್ಳಲಿಲ್ಲ.

ಚನಿಯಪ್ಪ ಸೊಸೆಯ ಕಡೆ ಒಮ್ಮೆ ನೋಡಿದರು. ಎದ್ದು ಅಂಗಳಕ್ಕೆ ಹೋದರು.

ಸೇಸಮ್ಮ ಹೊಸ ಸೀರೆಯ ಪೊಟ್ಟಣವನ್ನು ಬಿಚ್ಚದೆ ಕಾಂತಿಯ ಕಡೆಗೇ ಸರಿಸಿದರು. ಸೆರಗಿನ ಫ್ರೇಮನ್ನು ತೊಡೆಯ ಮೇಲಿಟ್ಟು ಗಾಜಿನ ಮೇಲೆ ಕೈಯಾಡಿಸಿದರು.

"ಗಾಜು ತೆಗಿ ಮಗಾ. ಗಾಜಿನೊಳಗೆ ಇದ್ದರೆ ಅವಳು ಹೇಗೆ ಉಡುವುದು?"

ಕಾಂತಿ ಅಲ್ಲೇ ಕುಳಿತು ಮೊಳೆ ಕಿತ್ತು ಗಾಜು ತೆಗೆದಳು. ಸೇಸಮ್ಮ ಬಟ್ಟೆಯ ಅಂಚನ್ನು ಎತ್ತಲು ನೋಡಿದರು. ಮತ್ತೆ ಇನ್ನೊಂದು ಬದಿಯಿಂದ ನೋಡಿದರು. ಅಂಟಿಸಿದ್ದಾ ಎಂದು ಕೇಳಿದರು. ಕಾಂತಿ ಹೌದೆಂದು ತಲೆಯಾಡಿಸಿದಳು. ಆಗ ಅಡುಗೆಮನೆಯ ಬಾಗಿಲಿನಿಂದ ವಿಸ್ಮಿತಾ ಮಾತಾಡಿದಳು.

"ಸೀರೆ ಕತ್ತರಿಸಿದ್ದು ಇರಲಿ ಅಕ್ಕ. ನಾನು ಬಂದು ಕೇಳಿದಾಗ ನನ್ನ ಮುಖ ನೋಡಿಯೇ ಇಲ್ಲ ಅಂದ್ರಿ."

ಕಾಂತಿ ತಪ್ಪಾಯಿತು ಎಂದಳು, ಅದು ಅರ್ಧ ಮಾತ್ರ ಕೇಳಿಸಿತು. ವಿಸ್ಮಿತಾ ಒಳಗೆ ಹೋದಳು. ನಾವು ಹೊರಡುವಾಗ ಸೇಸಮ್ಮ ಕಾಂತಿಗೆ ಮದುವೆಗೆ ಬರಬೇಕು ಎಂದರು. ಕತ್ತರಿಸಿದವಳು ನೀನು, ನನ್ನ ಮಗಳಿಗೆ ಉಡಿಸುವವಳೂ ನೀನೇ ಎಂದರು. ಅದು ಕ್ಷಮೆಯೋ ಶಿಕ್ಷೆಯೋ ನನಗೆ ಗೊತ್ತಾಗಲಿಲ್ಲ, ಬಸ್ಸಿನಲ್ಲಿ ಬರುವಾಗ ಕಾಂತಿಯನ್ನು ಕೇಳಲೂ ಇಲ್ಲ.

ಮದುವೆಗೆ ನಾನೂ ಹೋದೆ, ರವಿಕೆ ಕೊಡಬೇಕಿತ್ತಲ್ಲ. ಹನಾಳನ್ನು ಕರೆದುಕೊಂಡು ಹೋಗುವ ಹಾಗಿರಲಿಲ್ಲ, ಮದುವೆಯಾಗದವರು ಈ ಮದುವೆ ನೋಡಬಾರದು. ಜಗಲಿಯಲ್ಲಿ ಎರಡು ಮಣೆ ಹಾಕಿದ್ದರು. ಒಂದರ ಮೇಲೆ ಗಂಡಿನ ಮುಂಡು, ಶಾಲು. ಇನ್ನೊಂದರ ಮೇಲೆ ಸೆರಗಿನ ಬೋರ್ಡನ್ನು ಗೋಡೆಗೆ ಒರಗಿಸಿ, ನನ್ನ ರವಿಕೆಯನ್ನು ಅದಕ್ಕೆ ತೊಡಿಸಿದ ಹಾಗೆ ಇಟ್ಟು, ಮಲ್ಲಿಗೆ ಮುಡಿಸಿ, ಬಳೆ ಇಟ್ಟಿದ್ದರು. ಎರಡೂ ಕಡೆಯ ನೆಂಟರು ಎಲ್ಲ ಮದುವೆಗಳ ಹಾಗೆಯೇ ಮಳೆ, ರಬ್ಬರಿನ ರೇಟು ಎಂದು ಮಾತಾಡುತ್ತಿದ್ದರು.

ಮದುಮಗಳು ಸೀರೆ ಉಟ್ಟುಕೊಳ್ಳಲಿ ಎಂದು ಹಿರಿಯರೊಬ್ಬರು ಹೇಳಿದಾಗ ಮಾತು ನಿಂತಿತು. ಈ ಮದುವೆಯಲ್ಲಿ ಹಾಗೊಂದು ಕ್ರಮ ಉಂಟು, ಹುಡುಗಿ ಉಟ್ಟು ತಯಾರಾಗುವವರೆಗೆ ಎಲ್ಲರೂ ಸುಮ್ಮನೆ ಕಾಯಬೇಕು. ಸೇಸಮ್ಮ ಕಾಂತಿಯನ್ನು ಕಣ್ಣಲ್ಲೇ ಕರೆದರು. ಕಾಂತಿ ಮಣೆಯ ಎದುರು ಮೊಣಕಾಲೂರಿ ಕುಳಿತಳು, ನಮಗೆ ಬೆನ್ನು ಮಾಡಿ. ಅವಳ ಮೊಣಕೈಗಳು ಆಡುವುದು ಹಿಂದಿನಿಂದ ಕಾಣುತ್ತಿತ್ತು. ಅವಳು ನೆರಿಗೆ ಹಿಡಿಯುತ್ತಿದ್ದಳು. ಇಲ್ಲದ ಒಡಲನ್ನು ಒಂದೊಂದೇ ಮಡಿಕೆ ಮಡಿಸಿ, ಸೊಂಟದಲ್ಲಿ ಸಿಕ್ಕಿಸಿ, ಭುಜಕ್ಕೆ ಎಳೆಯುತ್ತಿದ್ದಳು. ನಗುವವರು ಒಬ್ಬರೂ ಇರಲಿಲ್ಲ.

"ಆಯ್ತಾ?" ಎಂದು ಹಿರಿಯರು ಕೇಳಿದರು.

ಕುಂಕುಮದ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದ ವಿಸ್ಮಿತಾ ಬಗ್ಗಿ ನೋಡಿದಳು.

"ಸೆರಗು ಸ್ವಲ್ಪ ಜಾರಿದೆ ಅಕ್ಕ. ಸರಿ ಮಾಡಿ," ಎಂದಳು ಮೆಲ್ಲಗೆ.

ಕಾಂತಿ ಕೈ ಚಾಚಿದಳು. ಬೆರಳಿಗೆ ಸಿಕ್ಕಿದ್ದು ಗಟ್ಟಿ ಬೋರ್ಡು, ತಾನೇ ಹಚ್ಚಿದ ಅಂಟು. ಆ ಸೆರಗು ಜಾರುವಂಥದ್ದೂ ಅಲ್ಲ, ಏರಿಸಿ ಸರಿಮಾಡುವಂಥದ್ದೂ ಅಲ್ಲ. ಆದರೂ ಅವಳು ಅದರ ಮೇಲೆ ಕೈಯಾಡಿಸುತ್ತಲೇ ಇದ್ದಳು. ಜಗಲಿಯ ತುಂಬ ಜನ ಕಾಯುತ್ತಿದ್ದರು.

ಹಿರಿಯರು ಎರಡನೆಯ ಸಲ ಕೇಳಿದರು.

"ಆಯ್ತು," ಎಂದಳು ಕಾಂತಿ. ವಿಸ್ಮಿತಾಳಿಗೆ ಅಂದು ಇಲ್ಲ ಎಂದ ಅದೇ ಧ್ವನಿ. ಸೇಸಮ್ಮ ಮುಂದೆ ಬಂದು ಮಗಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಚಂದ ಕಾಣ್ತಾಳೆ ಎಂದು ಸೊಸೆಗೆ ಹೇಳಿದರು. ವಿಸ್ಮಿತಾ ಹೌದು ಎಂದಳು.